ಹೃದಯ ವೈಫಲ್ಯದಲ್ಲಿ ಮೂತ್ರವರ್ಧಕಗಳ ಹೋಲಿಕೆ: ಜೈವಿಕ ಸೂಚಕಗಳ ಆಧಾರ

ಹೃದಯ ವೈಫಲ್ಯದ ರೋಗಿಗಳಿಗೆ ಕೊಡುವ ಮೂತ್ರವರ್ಧಕ ಔಷಧಗಳಲ್ಲಿ ಯಾವುದು ಎಷ್ಟು ಪರಿಣಾಮಕಾರಿ, ಎಷ್ಟು ಸುರಕ್ಷಿತ ಎಂಬುದನ್ನು ರಕ್ತ ಮತ್ತು ಮೂತ್ರದಲ್ಲಿ ಅಳೆಯಬಹುದಾದ ವಸ್ತುಗಳ ಏರಿಳಿತದಿಂದ ನಿರ್ಣಯಿಸುವ ಅಧ್ಯಯನ ಕ್ರಮವೇ ಜೈವಿಕ ಸೂಚಕ ಆಧಾರಿತ ಹೋಲಿಕೆ. ರೋಗಿಯ ತೂಕ, ಕಾಲಿನ ಬಾವು, ಏದುಸಿರು ಮುಂತಾದ ಲಕ್ಷಣಗಳು ಹೊರಗೆ ಕಾಣುವ ಬದಲಾವಣೆಯನ್ನು ಮಾತ್ರ ತಿಳಿಸುತ್ತವೆ. ಹೃದಯದ ಗೋಡೆಯ ಮೇಲಿನ ಒತ್ತಡ, ಮೂತ್ರಪಿಂಡದ ಸ್ಥಿತಿ, ಹಾರ್ಮೋನುಗಳ ಪ್ರತಿಕ್ರಿಯೆ, ಹೃದಯ ಸ್ನಾಯುವಿನ ನಾರುಗಟ್ಟುವಿಕೆ ಇವುಗಳನ್ನು ಪರೋಕ್ಷವಾಗಿ ಅಳೆಯಲು ಜೈವಿಕ ಸೂಚಕಗಳು ನೆರವಾಗುತ್ತವೆ.

ಪರಿಭಾಷೆ

ದೇಹದ ಅಗತ್ಯಕ್ಕೆ ತಕ್ಕಷ್ಟು ರಕ್ತವನ್ನು ಹೃದಯ ಪಂಪು ಮಾಡಲಾರದ ಸ್ಥಿತಿ, ಅಥವಾ ಒಳಗಿನ ಒತ್ತಡ ವಿಪರೀತ ಏರಿದಾಗ ಮಾತ್ರ ಪಂಪು ಮಾಡಬಲ್ಲ ಸ್ಥಿತಿ ಹೃದಯ ವೈಫಲ್ಯ. ಇದು ಹೃದಯಾಘಾತವಲ್ಲ, ಹೃದಯ ಬಡಿತ ನಿಲ್ಲುವುದೂ ಅಲ್ಲ. ಈ ಸ್ಥಿತಿಯಲ್ಲಿ ಮೂತ್ರಪಿಂಡಗಳು ಸೋಡಿಯಂ ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಶ್ವಾಸಕೋಶ, ಹೊಟ್ಟೆ ಮತ್ತು ಕಾಲುಗಳಲ್ಲಿ ದ್ರವ ತುಂಬುತ್ತದೆ. ಇದನ್ನು ದ್ರವ ದಟ್ಟಣೆ ಎನ್ನುತ್ತಾರೆ.

ಮೂತ್ರದ ಮೂಲಕ ಸೋಡಿಯಂ ಅಥವಾ ನೀರನ್ನು ಹೆಚ್ಚಾಗಿ ಹೊರಹಾಕಿಸುವ ಔಷಧ ಮೂತ್ರವರ್ಧಕ. ದೇಹದ ಸಹಜ ಕ್ರಿಯೆ, ರೋಗ ಅಥವಾ ಚಿಕಿತ್ಸೆಯ ಪರಿಣಾಮವನ್ನು ತೋರಿಸುವ, ವಸ್ತುನಿಷ್ಠವಾಗಿ ಅಳೆಯಬಹುದಾದ ಗುಣಲಕ್ಷಣ ಜೈವಿಕ ಸೂಚಕ. ಸಾವು ಅಥವಾ ಆಸ್ಪತ್ರೆ ದಾಖಲಾತಿಯಂತಹ ನೇರ ಫಲಿತಾಂಶದ ಬದಲಿಗೆ ಸೂಚಕವೊಂದನ್ನೇ ಅಳತೆಗೋಲಾಗಿ ಬಳಸಿದರೆ ಅದು ಬದಲಿ ಮಾನದಂಡ ಎನಿಸುತ್ತದೆ.

ಚರಿತ್ರೆ

ದೇಹದಲ್ಲಿ ನೀರು ತುಂಬಿ ಊದಿಕೊಳ್ಳುವ ರೋಗಕ್ಕೆ ಡಿಜಿಟಾಲಿಸ್ ಗಿಡದ ಎಲೆ ಉಪಯುಕ್ತವೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಪ್ರಕಟಿಸಿದ. 20ನೆಯ ಶತಮಾನದ ಮೊದಲರ್ಧದಲ್ಲಿ ಪಾದರಸದ ಸಂಯುಕ್ತಗಳ ಚುಚ್ಚುಮದ್ದು ಮುಖ್ಯ ಮೂತ್ರವರ್ಧಕವಾಗಿತ್ತು. ಸೋಂಕಿಗೆ ಕೊಡುತ್ತಿದ್ದ ಸಲ್ಫಾನಿಲಮೈಡ್ ಮೂತ್ರದಲ್ಲಿ ಸೋಡಿಯಂ ಹೊರಹಾಕುತ್ತದೆ ಎಂಬುದನ್ನು ಅಮೆರಿಕದ ವಿಲಿಯಂ ಶ್ವಾರ್ಟ್ಸ್ 1949ರಲ್ಲಿ ಹೃದಯ ವೈಫಲ್ಯದ ರೋಗಿಗಳಲ್ಲಿ ತೋರಿಸಿದರು. ಸಲ್ಫಾ ವರ್ಗದ ಮೇಲೆ ನಡೆದ ಸಂಶೋಧನೆಯಿಂದ 1950ರ ದಶಕದಲ್ಲಿ ಅಸೆಟಜೋಲಮೈಡ್ ಮತ್ತು ಕ್ಲೋರೊಥಯಜೈಡ್ ಬಂದವು. 1960ರ ದಶಕದಲ್ಲಿ ಜರ್ಮನಿಯ ಹೋಕ್ಸ್ಟ್ ಕಂಪನಿಯ ಫ್ಯೂರೊಸೆಮೈಡ್ ಬಳಕೆಗೆ ಬಂದಿತು. ಬ್ಯುಮೆಟನೈಡ್ ಮತ್ತು ಟಾರ್ಸೆಮೈಡ್ ನಂತರದ ದಶಕಗಳವು.

ಸೂಚಕಗಳ ಚರಿತ್ರೆ ಇದಕ್ಕಿಂತ ಈಚಿನದು. ಹೃತ್ಕರ್ಣದ ಅಂಗಾಂಶದ ಸಾರವನ್ನು ಇಲಿಗಳಿಗೆ ಚುಚ್ಚಿದಾಗ ಮೂತ್ರದಲ್ಲಿ ಸೋಡಿಯಂ ಏರುತ್ತದೆ ಎಂದು ಕೆನಡಾದ ಅಡಾಲ್ಫೊ ಡಿ ಬೋಲ್ಡ್ ಮತ್ತು ಸಂಗಡಿಗರು 1981ರಲ್ಲಿ ವರದಿ ಮಾಡಿದರು. ಹೃದಯ ಪಂಪಷ್ಟೇ ಅಲ್ಲ, ಹಾರ್ಮೋನು ಸ್ರವಿಸುವ ಅಂಗವೂ ಹೌದು ಎಂಬುದು ಇದರಿಂದ ಸ್ಥಾಪಿತವಾಯಿತು. ಆ ಸಾರದಲ್ಲಿದ್ದ ಪೆಪ್ಟೈಡಿನ ಕುಟುಂಬಕ್ಕೇ ಸೇರಿದ ಇನ್ನೊಂದು ಪೆಪ್ಟೈಡನ್ನು 1988ರಲ್ಲಿ ಜಪಾನಿನ ಸಂಶೋಧಕರು ಹಂದಿಯ ಮಿದುಳಿನಿಂದ ಬೇರ್ಪಡಿಸಿದರು. ಬಿಎನ್‌ಪಿ ಎಂದು ಹೆಸರಾದ ಅದು ಮುಖ್ಯವಾಗಿ ಹೃತ್ಕುಕ್ಷಿಗಳಿಂದ ಬರುತ್ತದೆ ಎಂಬುದು ನಂತರ ಗೊತ್ತಾಯಿತು. ತುರ್ತು ವಿಭಾಗಕ್ಕೆ ಏದುಸಿರಿನೊಂದಿಗೆ ಬಂದ 1,586 ರೋಗಿಗಳ ಅಧ್ಯಯನವೊಂದು 2002ರಲ್ಲಿ ಪ್ರಕಟವಾದ ಮೇಲೆ ಬಿಎನ್‌ಪಿ ಪರೀಕ್ಷೆ ರೋಗನಿದಾನದಲ್ಲಿ ನೆಲೆಯೂರಿತು.

ಮೂತ್ರಪಿಂಡದಲ್ಲಿ ಕ್ರಿಯೆ

ಮೂತ್ರಪಿಂಡದ ಸೂಕ್ಷ್ಮ ಘಟಕವಾದ ನೆಫ್ರಾನಿನಲ್ಲಿ ರಕ್ತ ಸೋಸಿ ಬಂದ ಸೋಡಿಯಂ ಹಂತಹಂತವಾಗಿ ರಕ್ತಕ್ಕೆ ಮರಳುತ್ತದೆ. ಸುಮಾರು ಮೂರರಲ್ಲಿ ಎರಡು ಪಾಲು ಸಮೀಪ ನಾಳಿಕೆಯಲ್ಲಿ, ಸುಮಾರು ಶೇ. 25ರಷ್ಟು ಹೆನ್ಲೆಯ ಕುಣಿಕೆಯ ಏರುಭಾಗದಲ್ಲಿ, ಉಳಿದದ್ದರಲ್ಲಿ ಬಹುಪಾಲು ದೂರ ನಾಳಿಕೆ ಮತ್ತು ಸಂಗ್ರಾಹಕ ನಾಳದಲ್ಲಿ ಮರುಹೀರಿಕೆಯಾಗುತ್ತದೆ. ಯಾವ ಮೂತ್ರವರ್ಧಕ ಎಲ್ಲಿ ತಡೆಯೊಡ್ಡುತ್ತದೆ ಎಂಬುದು ಅದರ ಶಕ್ತಿಯನ್ನೂ ಅಡ್ಡಪರಿಣಾಮವನ್ನೂ ನಿರ್ಧರಿಸುತ್ತದೆ.

ಹೆನ್ಲೆಯ ಕುಣಿಕೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಮತ್ತು ಕ್ಲೋರೈಡುಗಳನ್ನು ಒಟ್ಟಿಗೆ ಸಾಗಿಸುವ ಪ್ರೋಟೀನನ್ನು ಕುಣಿಕೆ ಮೂತ್ರವರ್ಧಕಗಳು ತಡೆಯುತ್ತವೆ. ಈ ಔಷಧಗಳು ರಕ್ತದಲ್ಲಿದ್ದರೆ ಸಾಲದು. ಸಮೀಪ ನಾಳಿಕೆಯ ಕೋಶಗಳು ಅವನ್ನು ನಾಳಿಕೆಯ ಒಳಕ್ಕೆ ಸ್ರವಿಸಬೇಕು. ಅಲ್ಲಿ ಒಂದು ಕನಿಷ್ಠ ಸಾಂದ್ರತೆ ಮುಟ್ಟುವವರೆಗೆ ಪರಿಣಾಮ ಕಾಣದು. ಒಂದು ಗರಿಷ್ಠ ಮಟ್ಟದ ಮೇಲೆ ಪ್ರಮಾಣ ಏರಿಸಿದರೂ ಆ ಹೊತ್ತಿನ ಸೋಡಿಯಂ ವಿಸರ್ಜನೆ ಹೆಚ್ಚದು. ಹೃದಯ ವೈಫಲ್ಯದಲ್ಲಿ ಈ ಸಂಬಂಧ ಬದಲಾಗಿ ಅದೇ ಪ್ರಮಾಣಕ್ಕೆ ಕಡಿಮೆ ಸೋಡಿಯಂ ಹೊರಬರುತ್ತದೆ. ಔಷಧ ನಿರಂತರವಾಗಿ ನಡೆದಾಗ ದೂರ ನಾಳಿಕೆಯ ಕೋಶಗಳು ಬೆಳೆದು ಹೆಚ್ಚು ಸೋಡಿಯಂ ಹೀರತೊಡಗುತ್ತವೆ. ಇದು ಮೂತ್ರವರ್ಧಕ ಪ್ರತಿರೋಧದ ಒಂದು ಕಾರಣ.

ಮೂತ್ರವರ್ಧಕಗಳ ವರ್ಗಗಳು

ಕುಣಿಕೆ ಮೂತ್ರವರ್ಧಕಗಳು: ಫ್ಯೂರೊಸೆಮೈಡ್, ಟಾರ್ಸೆಮೈಡ್, ಬ್ಯುಮೆಟನೈಡ್ ಈ ವರ್ಗದವು. ಭಾರತದಲ್ಲಿ ಮೊದಲನೆಯದು ಲಾಸಿಕ್ಸ್, ಎರಡನೆಯದು ಡೈಟಾರ್ ಮುಂತಾದ ವ್ಯಾಪಾರನಾಮಗಳಿಂದ ಪರಿಚಿತ. ಬಾಯಿಂದ ತೆಗೆದುಕೊಂಡ ಫ್ಯೂರೊಸೆಮೈಡಿನಲ್ಲಿ ಸರಾಸರಿ ಅರ್ಧದಷ್ಟು ರಕ್ತಕ್ಕೆ ಸೇರುತ್ತದೆ. ಆದರೆ ಈ ಪ್ರಮಾಣ ವ್ಯಕ್ತಿಯಿಂದ ವ್ಯಕ್ತಿಗೆ ಶೇ. 10ರಿಂದ 90ರವರೆಗೆ ಬದಲಾಗಬಹುದು. ಟಾರ್ಸೆಮೈಡ್ ಮತ್ತು ಬ್ಯುಮೆಟನೈಡ್‌ಗಳಲ್ಲಿ ಶೇ. 80ಕ್ಕೂ ಹೆಚ್ಚು ಹೀರಿಕೆಯಾಗುತ್ತದೆ. ಅರ್ಧಾಯು ಬ್ಯುಮೆಟನೈಡಿಗೆ ಸುಮಾರು 1 ಗಂಟೆ, ಫ್ಯೂರೊಸೆಮೈಡಿಗೆ ಸುಮಾರು 2 ಗಂಟೆ, ಟಾರ್ಸೆಮೈಡಿಗೆ 3ರಿಂದ 4 ಗಂಟೆ. ಬಾಯಿಂದ ಕೊಡುವಾಗ 40 ಮಿಲಿಗ್ರಾಂ ಫ್ಯೂರೊಸೆಮೈಡ್, 20 ಮಿಲಿಗ್ರಾಂ ಟಾರ್ಸೆಮೈಡ್ ಮತ್ತು 1 ಮಿಲಿಗ್ರಾಂ ಬ್ಯುಮೆಟನೈಡ್ ಸಮವೆಂದು ರೂಢಿಯಲ್ಲಿ ಲೆಕ್ಕ ಹಿಡಿಯುತ್ತಾರೆ.

ಥಯಜೈಡ್ ಮತ್ತು ಅದನ್ನು ಹೋಲುವವು: ಹೈಡ್ರೊಕ್ಲೋರೊಥಯಜೈಡ್, ಕ್ಲೋರ್‌ಥಾಲಿಡೋನ್, ಮೆಟೊಲಜೋನ್. ಇವು ದೂರ ನಾಳಿಕೆಯಲ್ಲಿ ಕೆಲಸ ಮಾಡುತ್ತವೆ. ಕುಣಿಕೆ ಮೂತ್ರವರ್ಧಕ ಸಾಲದಾದಾಗ ಜೊತೆಗೆ ಸೇರಿಸುವುದುಂಟು.

ಆಲ್ಡೊಸ್ಟೆರೋನ್ ವಿರೋಧಿಗಳು: ಸ್ಪೈರೊನೊಲ್ಯಾಕ್ಟೋನ್, ಎಪ್ಲೆರಿನೋನ್, ಫಿನೆರಿನೋನ್. ಇವುಗಳ ಮೂತ್ರವರ್ಧಕ ಶಕ್ತಿ ಕಡಿಮೆ. ಪೊಟ್ಯಾಸಿಯಂ ಉಳಿಸಿಕೊಳ್ಳುವ ಗುಣವಿದೆ. ಹೃದಯದ ನಾರುಗಟ್ಟುವಿಕೆಯ ಮೇಲೆ ಇವು ಬೀರುವ ಪ್ರಭಾವವೇ ಹೆಚ್ಚು ಅಧ್ಯಯನಕ್ಕೆ ಒಳಗಾಗಿದೆ.

ಇತರ ವರ್ಗಗಳು: ಅಸೆಟಜೋಲಮೈಡ್ ಸಮೀಪ ನಾಳಿಕೆಯಲ್ಲಿ ಬೈಕಾರ್ಬನೇಟ್ ಮತ್ತು ಸೋಡಿಯಂ ಮರುಹೀರಿಕೆಯನ್ನು ತಗ್ಗಿಸುತ್ತದೆ. ಟೊಲ್‌ವ್ಯಾಪ್ಟಾನ್ ವ್ಯಾಸೊಪ್ರೆಸಿನ್ ಹಾರ್ಮೋನನ್ನು ತಡೆದು ಸೋಡಿಯಂ ಇಲ್ಲದ ನೀರನ್ನು ಹೊರಹಾಕಿಸುತ್ತದೆ. ಮಧುಮೇಹಕ್ಕೆಂದು ಬಂದ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ಗಳಿಗೂ ಅಲ್ಪ ಮೂತ್ರವರ್ಧಕ ಗುಣವಿದೆ. ಅವು ಈಗ ಹೃದಯ ವೈಫಲ್ಯದ ಮೂಲ ಚಿಕಿತ್ಸೆಯ ಭಾಗ.

ಜೈವಿಕ ಸೂಚಕಗಳ ವಿಧಗಳು

ಹೃದಯ ಗೋಡೆಯ ಒತ್ತಡದ ಸೂಚಕಗಳು: ಹೃತ್ಕುಕ್ಷಿಯ ಗೋಡೆ ಹಿಗ್ಗಿದಾಗ ಅದರ ಕೋಶಗಳು 108 ಅಮೈನೋ ಆಮ್ಲಗಳ ಪೂರ್ವರೂಪವೊಂದನ್ನು ತಯಾರಿಸುತ್ತವೆ. ಅದು ಸೀಳಿ 32 ಅಮೈನೋ ಆಮ್ಲಗಳ ಸಕ್ರಿಯ ಬಿಎನ್‌ಪಿ ಮತ್ತು 76 ಅಮೈನೋ ಆಮ್ಲಗಳ ನಿಷ್ಕ್ರಿಯ ಎನ್‌ಟಿ-ಪ್ರೊಬಿಎನ್‌ಪಿ ಎಂಬ ಎರಡು ತುಣುಕುಗಳಾಗುತ್ತದೆ. ಬಿಎನ್‌ಪಿಯ ಅರ್ಧಾಯು ಸುಮಾರು 20 ನಿಮಿಷ. ಎನ್‌ಟಿ-ಪ್ರೊಬಿಎನ್‌ಪಿಯದು 1ರಿಂದ 2 ಗಂಟೆ. ತೀವ್ರ ಏದುಸಿರಿನಲ್ಲಿ ಬಂದ ರೋಗಿಯಲ್ಲಿ ಬಿಎನ್‌ಪಿ ಮಿಲಿಲೀಟರಿಗೆ 100 ಪಿಕೋಗ್ರಾಂಗಿಂತ ಅಥವಾ ಎನ್‌ಟಿ-ಪ್ರೊಬಿಎನ್‌ಪಿ 300 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಹೃದಯ ವೈಫಲ್ಯದ ಸಂಭವ ಕಡಿಮೆ ಎಂದು ಪರಿಗಣಿಸುತ್ತಾರೆ.

ದ್ರವ ದಟ್ಟಣೆಯ ಸೂಚಕಗಳು: ಅಂಡಾಶಯದ ಕ್ಯಾನ್ಸರಿನ ನಿಗಾಕ್ಕೆ ಬಳಸುವ ಸಿಎ-125 ಎಂಬ ಪ್ರೋಟೀನು ಹೃದಯ ವೈಫಲ್ಯದಲ್ಲಿ ಅಂಗಾಂಶ ಮತ್ತು ಒಳಪೊರೆಗಳಲ್ಲಿ ದ್ರವ ತುಂಬಿದಾಗಲೂ ಏರುತ್ತದೆ. ಅಡ್ರಿನೊಮೆಡ್ಯುಲಿನ್ ಇದೇ ಗುಂಪಿನದು. ರಕ್ತನಾಳದೊಳಗಿನ ನೀರು ತಗ್ಗಿದಂತೆ ಹಿಮೋಗ್ಲೋಬಿನ್ ಸಾಂದ್ರತೆ ಏರುವುದನ್ನೂ ಸೂಚಕವಾಗಿ ಬಳಸುವುದುಂಟು.

ಮೂತ್ರಪಿಂಡದ ಸೂಚಕಗಳು: ಕ್ರಿಯಾಟಿನಿನ್ ಮತ್ತು ಸಿಸ್ಟಾಟಿನ್-ಸಿ ಸೋಸುವ ಸಾಮರ್ಥ್ಯವನ್ನು ತಿಳಿಸುತ್ತವೆ. ಮೂತ್ರದಲ್ಲಿ ಅಳೆಯುವ ಎನ್‌ಜಿಎಎಲ್, ಕಿಮ್-1 ಇವು ನಾಳಿಕೆಗೆ ಆದ ಹಾನಿಯ ಸೂಚಕಗಳು.

ಹಾರ್ಮೋನು ಮತ್ತು ಲವಣಗಳು: ರೆನಿನ್, ಆಲ್ಡೊಸ್ಟೆರೋನ್, ನಾರ್‌ಅಡ್ರಿನಲಿನ್ ಏರಿದರೆ ದೇಹವು ದ್ರವ ನಷ್ಟಕ್ಕೆ ಎದುರುಪ್ರತಿಕ್ರಿಯೆ ತೋರುತ್ತಿದೆ ಎಂದರ್ಥ. ರಕ್ತದ ಪೊಟ್ಯಾಸಿಯಂ, ಸೋಡಿಯಂ ಮತ್ತು ಯೂರಿಕ್ ಆಮ್ಲ ಔಷಧದ ಸುರಕ್ಷತೆಯನ್ನು ತಿಳಿಸುತ್ತವೆ. ಕ್ಲೋರೈಡ್ ಇಳಿದಿರುವುದು ಮೂತ್ರವರ್ಧಕ ಪ್ರತಿರೋಧದೊಂದಿಗೆ ಸೇರಿ ಕಾಣಿಸುತ್ತದೆ.

ನಾರುಗಟ್ಟುವಿಕೆಯ ಸೂಚಕಗಳು: ಕೊಲ್ಲಾಜನ್ ತಯಾರಾಗುವಾಗ ಕಳಚಿ ರಕ್ತಕ್ಕೆ ಬರುವ ತುಣುಕುಗಳಾದ ಪಿಐಸಿಪಿ ಮತ್ತು ಪಿಐಐಐಎನ್‌ಪಿ, ಜೊತೆಗೆ ಎಸ್‌ಟಿ-2 ಮತ್ತು ಗ್ಯಾಲೆಕ್ಟಿನ್-3 ಈ ವರ್ಗದಲ್ಲಿ ಬರುತ್ತವೆ.

ಮೂತ್ರದ ಸೋಡಿಯಂ: ಔಷಧ ಕೊಟ್ಟ ಒಂದೆರಡು ಗಂಟೆಗಳಲ್ಲಿ ತೆಗೆದ ಮೂತ್ರದ ಮಾದರಿಯಲ್ಲಿ ಸೋಡಿಯಂ ಎಷ್ಟಿದೆ ಎಂಬುದು ಕುಣಿಕೆ ಮೂತ್ರವರ್ಧಕದ ಕ್ರಿಯೆಯ ಅತ್ಯಂತ ನೇರ ಸೂಚಕ.

ಹೋಲಿಕೆಯ ವಿಧಾನ

ಎರಡು ಔಷಧಗಳನ್ನು ಹೋಲಿಸಲು ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪಾಗಿ ಹಂಚಿ, ಚಿಕಿತ್ಸೆಯ ಮೊದಲು ಮತ್ತು ನಂತರ ಸೂಚಕಗಳನ್ನು ಅಳೆಯುತ್ತಾರೆ. ಅಳತೆಯ ಕಾಲಾವಧಿ ಸೂಚಕಕ್ಕೆ ತಕ್ಕಂತೆ ಬದಲಾಗುತ್ತದೆ: ಮೂತ್ರದ ಸೋಡಿಯಂಗೆ ಗಂಟೆಗಳು, ಎನ್‌ಟಿ-ಪ್ರೊಬಿಎನ್‌ಪಿಗೆ ದಿನಗಳಿಂದ ತಿಂಗಳುಗಳು, ಕೊಲ್ಲಾಜನ್ ತುಣುಕುಗಳಿಗೆ ಹಲವು ತಿಂಗಳುಗಳು. ಎನ್‌ಟಿ-ಪ್ರೊಬಿಎನ್‌ಪಿ ರೋಗಿಗಳ ನಡುವೆ ಬಹಳ ಅಂತರದಲ್ಲಿ ಹರಡಿಕೊಂಡಿರುವುದರಿಂದ ಆರಂಭಿಕ ಮಟ್ಟಕ್ಕೆ ಹೋಲಿಸಿದ ಶೇಕಡಾವಾರು ಇಳಿಕೆಯನ್ನು ಲೆಕ್ಕ ಹಾಕುವುದು ವಾಡಿಕೆ, ಶೇ. 30ಕ್ಕಿಂತ ಹೆಚ್ಚಿನ ಇಳಿಕೆಯನ್ನು ಅರ್ಥಪೂರ್ಣ ಎಂದು ಹಿಡಿಯುತ್ತಾರೆ. ಎರಡೂ ಔಷಧಗಳ ಪ್ರಮಾಣ ಪರಸ್ಪರ ಸಮವಾಗಿಲ್ಲದಿದ್ದರೆ ಫಲಿತಾಂಶ ಔಷಧದ ಗುಣವನ್ನು ತಿಳಿಸದೆ ಪ್ರಮಾಣದ ವ್ಯತ್ಯಾಸವನ್ನು ತಿಳಿಸುತ್ತದೆ.

ಮುಖ್ಯ ಹೋಲಿಕೆಗಳು

ಫ್ಯೂರೊಸೆಮೈಡ್ ಮತ್ತು ಟಾರ್ಸೆಮೈಡ್: ಈ ಜೋಡಿಯ ಮೇಲೆ ದೀರ್ಘಕಾಲ ಅಧ್ಯಯನ ನಡೆದಿದೆ. 1,377 ರೋಗಿಗಳಿದ್ದ ಟಾರಿಕ್ ಅಧ್ಯಯನ 2002ರಲ್ಲಿ ಟಾರ್ಸೆಮೈಡ್ ಗುಂಪಿನಲ್ಲಿ ಕಡಿಮೆ ಸಾವುಗಳನ್ನು ವರದಿ ಮಾಡಿತು. ಆದರೆ ಅದರಲ್ಲಿ ರೋಗಿಗಳನ್ನು ಯಾದೃಚ್ಛಿಕವಾಗಿ ಹಂಚಿರಲಿಲ್ಲ. 2004ರಲ್ಲಿ ಸ್ಪೇನಿನ ಸಂಶೋಧಕರು 36 ರೋಗಿಗಳ ಹೃದಯದ ಒಳಗೋಡೆಯಿಂದ ಅಂಗಾಂಶದ ಚೂರು ತೆಗೆದು ಪರೀಕ್ಷಿಸಿದರು. 8 ತಿಂಗಳ ಚಿಕಿತ್ಸೆಯ ನಂತರ ಟಾರ್ಸೆಮೈಡ್ ಪಡೆದವರಲ್ಲಿ ಕೊಲ್ಲಾಜನ್ ಪ್ರಮಾಣವೂ ರಕ್ತದ ಪಿಐಸಿಪಿಯೂ ಇಳಿದಿದ್ದವು. ಫ್ಯೂರೊಸೆಮೈಡ್ ಪಡೆದವರಲ್ಲಿ ಇಳಿದಿರಲಿಲ್ಲ. ನಿಧಾನವಾಗಿ ಬಿಡುಗಡೆಯಾಗುವ ಟಾರ್ಸೆಮೈಡ್ ಬಳಸಿ ನಡೆದ, 2011ರಲ್ಲಿ ಪ್ರಕಟವಾದ ಟೊರಾಫಿಕ್ ಪ್ರಯೋಗದಲ್ಲಿ ಎರಡು ಔಷಧಗಳ ನಡುವೆ ಪಿಐಸಿಪಿಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ನೇರ ಫಲಿತಾಂಶವನ್ನೇ ಅಳೆದ ದೊಡ್ಡ ಪ್ರಯೋಗ ಅಮೆರಿಕದ ಟ್ರಾನ್ಸ್‌ಫಾರ್ಮ್-ಎಚ್‌ಎಫ್. 60 ಆಸ್ಪತ್ರೆಗಳ 2,859 ರೋಗಿಗಳು ಅದರಲ್ಲಿದ್ದರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ಟಾರ್ಸೆಮೈಡ್ ಗುಂಪಿನಲ್ಲಿ ಶೇ. 26.1, ಫ್ಯೂರೊಸೆಮೈಡ್ ಗುಂಪಿನಲ್ಲಿ ಶೇ. 26.2 ಮಂದಿ ಸತ್ತರು. ಆಸ್ಪತ್ರೆ ದಾಖಲಾತಿಯಲ್ಲೂ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಇದರ ಉಪ ಅಧ್ಯಯನವೊಂದರಲ್ಲಿ ವೈದ್ಯರು ಬರೆದುಕೊಟ್ಟ ಪ್ರಮಾಣದ ಟಾರ್ಸೆಮೈಡ್ ಪಡೆದವರಲ್ಲಿ ರೆನಿನ್, ಆಲ್ಡೊಸ್ಟೆರೋನ್‌ಗಳ ಏರಿಕೆ ಹೆಚ್ಚಾಗಿತ್ತು; ದೇಹದ ತೂಕ ಮಾತ್ರ ಹೆಚ್ಚು ಇಳಿದಿರಲಿಲ್ಲ. ರೂಢಿಯ ಎರಡಕ್ಕೆ ಒಂದು ಎಂಬ ಪ್ರಮಾಣದ ಲೆಕ್ಕವೇ ಟಾರ್ಸೆಮೈಡಿನ ಶಕ್ತಿಯನ್ನು ಕಡಿಮೆ ಅಂದಾಜು ಮಾಡುತ್ತದೆ ಎಂಬ ಸೂಚನೆ ಇದರಿಂದ ದೊರೆಯಿತು.

ಹೆಚ್ಚು ಮತ್ತು ಕಡಿಮೆ ಪ್ರಮಾಣ: 308 ರೋಗಿಗಳ ಡೋಸ್ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಫ್ಯೂರೊಸೆಮೈಡನ್ನು ಆಗಾಗ ಚುಚ್ಚುವುದು ಮತ್ತು ಸತತವಾಗಿ ಹರಿಸುವುದು, ಹಿಂದಿನ ಪ್ರಮಾಣವನ್ನೇ ಕೊಡುವುದು ಮತ್ತು ಎರಡೂವರೆ ಪಟ್ಟು ಕೊಡುವುದು ಇವುಗಳ ಹೋಲಿಕೆ ಅದರ ವಸ್ತು. ಮುಖ್ಯ ಮಾನದಂಡಗಳಲ್ಲಿ ವ್ಯತ್ಯಾಸ ಸಿದ್ಧವಾಗಲಿಲ್ಲ. ಹೆಚ್ಚಿನ ಪ್ರಮಾಣದ ಗುಂಪಿನಲ್ಲಿ ದ್ರವ ಹೆಚ್ಚು ಹೊರಬಂದಿತು. ಕ್ರಿಯಾಟಿನಿನ್ ಏರಿದವರೂ ಆ ಗುಂಪಿನಲ್ಲೇ ಹೆಚ್ಚಿದ್ದರು, ಆದರೆ ಆ ಏರಿಕೆ ತಾತ್ಕಾಲಿಕವಾಗಿತ್ತು.

ಜೋಡಿ ಚಿಕಿತ್ಸೆ: ಬೆಲ್ಜಿಯಂನ ಅಡ್ವೋರ್ ಪ್ರಯೋಗದಲ್ಲಿ 519 ರೋಗಿಗಳಿಗೆ ಕುಣಿಕೆ ಮೂತ್ರವರ್ಧಕದ ಜೊತೆ ದಿನಕ್ಕೆ 500 ಮಿಲಿಗ್ರಾಂ ಅಸೆಟಜೋಲಮೈಡ್ ಅಥವಾ ಹುಸಿಮದ್ದನ್ನು ಕೊಡಲಾಯಿತು. 3 ದಿನಗಳೊಳಗೆ ದ್ರವ ದಟ್ಟಣೆ ನೀಗಿದವರು ಕ್ರಮವಾಗಿ ಶೇ. 42.2 ಮತ್ತು ಶೇ. 30.5. ಸ್ಪೇನಿನ ಕ್ಲೊರೊಟಿಕ್ ಪ್ರಯೋಗದಲ್ಲಿ 230 ರೋಗಿಗಳಿದ್ದರು. ಹೈಡ್ರೊಕ್ಲೋರೊಥಯಜೈಡ್ ಸೇರಿಸಿದಾಗ ತೂಕ ಹೆಚ್ಚು ಇಳಿಯಿತು, ಏದುಸಿರಿನ ಭಾವನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಕ್ರಿಯಾಟಿನಿನ್ ಏರಿಕೆ ಹೆಚ್ಚಾಯಿತು. ಸ್ಕಾಟ್ಲೆಂಡಿನ ಸಂಶೋಧಕರ ನೇತೃತ್ವದಲ್ಲಿ ಪ್ರತಿರೋಧ ಇರುವ 61 ರೋಗಿಗಳಲ್ಲಿ ಡಾಪಾಗ್ಲಿಫ್ಲೋಜಿನ್ ಮತ್ತು ಮೆಟೊಲಜೋನ್ ಹೋಲಿಕೆ ನಡೆದು 2023ರಲ್ಲಿ ಪ್ರಕಟವಾಯಿತು. ತೂಕ ಇಳಿಕೆಯಲ್ಲಿ ಗಮನಾರ್ಹ ಅಂತರವಿರಲಿಲ್ಲ. ಮೆಟೊಲಜೋನ್ ಗುಂಪಿನಲ್ಲಿ ರಕ್ತದ ಲವಣಗಳ ಏರುಪೇರು ಹೆಚ್ಚಾಗಿತ್ತು.

ಆಲ್ಡೊಸ್ಟೆರೋನ್ ವಿರೋಧಿಗಳು: 1,663 ರೋಗಿಗಳ ರೇಲ್ಸ್ ಪ್ರಯೋಗ 1999ರಲ್ಲಿ ಸ್ಪೈರೊನೊಲ್ಯಾಕ್ಟೋನ್ ಸಾವಿನ ಅಪಾಯವನ್ನು ಶೇ. 30ರಷ್ಟು ತಗ್ಗಿಸುತ್ತದೆ ಎಂದು ತೋರಿಸಿತು. ಅದರ ಉಪ ಅಧ್ಯಯನದಲ್ಲಿ ಪಿಐಐಐಎನ್‌ಪಿ ಮಟ್ಟ ಆರಂಭದಲ್ಲಿ ಹೆಚ್ಚಿದ್ದವರಿಗೆ ಪ್ರಯೋಜನ ಹೆಚ್ಚು ಎಂದು ಕಂಡುಬಂದಿತು. ತೀವ್ರ ಹಂತದಲ್ಲಿ ಇದೇ ಔಷಧದ ಪರಿಣಾಮ ಬೇರೆ. 360 ರೋಗಿಗಳ ಅಥೀನಾ-ಎಚ್‌ಎಫ್ ಪ್ರಯೋಗದಲ್ಲಿ 96 ಗಂಟೆಗಳ ಕಾಲ ದಿನಕ್ಕೆ 100 ಮಿಲಿಗ್ರಾಂ ಕೊಟ್ಟರೂ ಎನ್‌ಟಿ-ಪ್ರೊಬಿಎನ್‌ಪಿ ಇಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡು ಔಷಧಗಳನ್ನು ಎನ್‌ಟಿ-ಪ್ರೊಬಿಎನ್‌ಪಿಯಿಂದಲೇ ಅಳೆದ ಪ್ರಯೋಗಕ್ಕೆ ಆರ್ಟ್ಸ್-ಎಚ್‌ಎಫ್ ಉದಾಹರಣೆ. ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಫಿನೆರಿನೋನ್ ಮತ್ತು ಎಪ್ಲೆರಿನೋನ್ ಹೋಲಿಸಿದ ಈ ಪ್ರಯೋಗದಲ್ಲಿ 90 ದಿನಗಳಲ್ಲಿ ಶೇ. 30ಕ್ಕಿಂತ ಹೆಚ್ಚು ಇಳಿಕೆ ಕಂಡವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿತ್ತು.

ಚಿಕಿತ್ಸೆಯಲ್ಲಿ ಬಳಕೆ

ಔಷಧದ ಆಯ್ಕೆಗಿಂತ ಪ್ರಮಾಣದ ನಿರ್ಣಯದಲ್ಲಿ ಸೂಚಕಗಳ ಬಳಕೆ ಹೆಚ್ಚು. ಯುರೋಪಿನ ಹೃದ್ರೋಗ ತಜ್ಞರ ಸಂಘದ 2021ರ ಮಾರ್ಗಸೂಚಿಯಂತೆ ತೀವ್ರ ಹಂತದಲ್ಲಿ ಮೊದಲ ಚುಚ್ಚುಮದ್ದಿನ 2 ಗಂಟೆಗಳ ನಂತರ ಮೂತ್ರದ ಸೋಡಿಯಂ ಲೀಟರಿಗೆ 50ರಿಂದ 70 ಮಿಲಿಮೋಲ್‌ಗಿಂತ ಕಡಿಮೆಯಿದ್ದರೆ, ಅಥವಾ ಮೊದಲ 6 ಗಂಟೆಗಳಲ್ಲಿ ಮೂತ್ರ ಗಂಟೆಗೆ 100ರಿಂದ 150 ಮಿಲಿಲೀಟರಿಗಿಂತ ಕಡಿಮೆಯಿದ್ದರೆ ಪ್ರಮಾಣವನ್ನು ಇಮ್ಮಡಿಗೊಳಿಸಬೇಕು. ಅದೂ ಸಾಲದಾದರೆ ಇನ್ನೊಂದು ವರ್ಗದ ಔಷಧ ಸೇರಿಸಬೇಕು. ನೆದರ್ಲೆಂಡ್ಸ್‌ನ ಪುಶ್-ಎಎಚ್‌ಎಫ್ ಪ್ರಯೋಗದಲ್ಲಿ ಈ ಕ್ರಮ ಅನುಸರಿಸಿದ ಗುಂಪಿನಲ್ಲಿ ಮೊದಲ 24 ಗಂಟೆಗಳಲ್ಲಿ ಹೊರಬಂದ ಸೋಡಿಯಂ 409 ಮಿಲಿಮೋಲ್. ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ 345. ಆದರೆ 180 ದಿನಗಳ ಸಾವು ಮತ್ತು ಮರುದಾಖಲಾತಿಯಲ್ಲಿ ವ್ಯತ್ಯಾಸವಿರಲಿಲ್ಲ.

ಮೂತ್ರಪಿಂಡದ ದೌರ್ಬಲ್ಯವೂ ಇರುವ 160 ರೋಗಿಗಳಲ್ಲಿ ಸಿಎ-125 ಮಟ್ಟ ನೋಡಿ ಮೂತ್ರವರ್ಧಕದ ಪ್ರಮಾಣ ಏರಿಸುವ ಅಥವಾ ಇಳಿಸುವ ಕ್ರಮವನ್ನು ಸ್ಪೇನಿನಲ್ಲಿ ಪರೀಕ್ಷಿಸಲಾಗಿದ್ದು, 72 ಗಂಟೆಗಳಲ್ಲಿ ಮೂತ್ರಪಿಂಡದ ಸೋಸುವ ಸಾಮರ್ಥ್ಯ ಸುಧಾರಿಸಿತು. ದೀರ್ಘಕಾಲೀನ ಚಿಕಿತ್ಸೆಯನ್ನು ಎನ್‌ಟಿ-ಪ್ರೊಬಿಎನ್‌ಪಿ ಗುರಿಯಿಟ್ಟು ನಡೆಸುವುದರಿಂದ ಹೆಚ್ಚಿನ ಲಾಭವಿಲ್ಲ ಎಂದು 894 ರೋಗಿಗಳ ಗೈಡ್-ಐಟಿ ಪ್ರಯೋಗ 2017ರಲ್ಲಿ ತೋರಿಸಿತು.

ಮಿತಿಗಳು

ವಯಸ್ಸು, ಮೂತ್ರಪಿಂಡದ ಕಾಯಿಲೆ ಮತ್ತು ಹೃತ್ಕರ್ಣದ ಕಂಪನ ಬಿಎನ್‌ಪಿ ಗುಂಪಿನ ಮಟ್ಟವನ್ನು ಏರಿಸುತ್ತವೆ, ಬೊಜ್ಜು ಇಳಿಸುತ್ತದೆ. ಸಕ್ಯುಬಿಟ್ರಿಲ್ ಸೇರಿದ ಔಷಧ ಪಡೆಯುವವರಲ್ಲಿ ಬಿಎನ್‌ಪಿಯ ವಿಘಟನೆ ತಡೆಯಲ್ಪಡುವುದರಿಂದ ಎನ್‌ಟಿ-ಪ್ರೊಬಿಎನ್‌ಪಿಯನ್ನೇ ಅಳೆಯಬೇಕಾಗುತ್ತದೆ. ದ್ರವ ಯಶಸ್ವಿಯಾಗಿ ಇಳಿಯುತ್ತಿರುವಾಗಲೂ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ರೋಸ್ ಎಂಬ ಪ್ರಯೋಗದ ರೋಗಿಗಳಲ್ಲಿ ಈ ಏರಿಕೆಗೂ ನಾಳಿಕೆಯ ಹಾನಿಯ ಸೂಚಕಗಳಿಗೂ ಸಂಬಂಧ ಕಂಡುಬರಲಿಲ್ಲ. ಆದ್ದರಿಂದ ಕ್ರಿಯಾಟಿನಿನ್ ಒಂದನ್ನೇ ನೋಡಿ ಔಷಧವನ್ನು ಹಾನಿಕರ ಎನ್ನಲಾಗದು. ಎಲ್ಲಕ್ಕಿಂತ ಮುಖ್ಯ ಮಿತಿ ಬದಲಿ ಮಾನದಂಡದ್ದು. ಟೊಲ್‌ವ್ಯಾಪ್ಟಾನ್ ತೂಕವನ್ನು ಇಳಿಸಿ ರಕ್ತದ ಸೋಡಿಯಂ ಮಟ್ಟವನ್ನು ಸುಧಾರಿಸಿದರೂ 4,133 ರೋಗಿಗಳ ಎವರೆಸ್ಟ್ ಪ್ರಯೋಗದಲ್ಲಿ ಆಯುಷ್ಯವನ್ನು ಹೆಚ್ಚಿಸಲಿಲ್ಲ.

ಇಂದಿನ ಸ್ಥಿತಿ

ದ್ರವ ದಟ್ಟಣೆ ನೀಗಿಸಲು ಕುಣಿಕೆ ಮೂತ್ರವರ್ಧಕಗಳೇ ಈಗಲೂ ಮೊದಲ ಆಯ್ಕೆ. ಈ ವರ್ಗದೊಳಗೆ ಒಂದು ಔಷಧ ಇನ್ನೊಂದಕ್ಕಿಂತ ಆಯುಷ್ಯ ಹೆಚ್ಚಿಸುತ್ತದೆ ಎಂಬುದು ಸೂಚಕಗಳಿಂದಾಗಲಿ ದೊಡ್ಡ ಪ್ರಯೋಗದಿಂದಾಗಲಿ ಸಿದ್ಧವಾಗಿಲ್ಲ. ಆದ್ದರಿಂದ ಹೀರಿಕೆ, ಬೆಲೆ, ಲಭ್ಯತೆ ಮತ್ತು ರೋಗಿಯ ಪ್ರತಿಕ್ರಿಯೆ ನೋಡಿ ಆಯ್ಕೆ ಮಾಡುತ್ತಾರೆ. ಆಲ್ಡೊಸ್ಟೆರೋನ್ ವಿರೋಧಿಗಳು ಮತ್ತು ಡಾಪಾಗ್ಲಿಫ್ಲೋಜಿನ್ ಗುಂಪಿನ ಔಷಧಗಳ ಲಾಭ ನೇರ ಫಲಿತಾಂಶ ಅಳೆದ ಪ್ರಯೋಗಗಳಿಂದ ಸ್ಥಾಪಿತವಾಗಿದೆ. 6,001 ರೋಗಿಗಳ ಫೈನ್‌ಆರ್ಟ್ಸ್-ಎಚ್‌ಎಫ್ ಪ್ರಯೋಗ 2024ರಲ್ಲಿ ಫಿನೆರಿನೋನ್‌ಗೂ ಅಂಥ ಆಧಾರ ಒದಗಿಸಿತು. ಭಾರತದ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಫ್ಯೂರೊಸೆಮೈಡ್, ಹೈಡ್ರೊಕ್ಲೋರೊಥಯಜೈಡ್ ಮತ್ತು ಸ್ಪೈರೊನೊಲ್ಯಾಕ್ಟೋನ್ ಇವೆ. ಮೂತ್ರದ ಸೋಡಿಯಂ ಪರೀಕ್ಷೆಗೆ ರಕ್ತದ ಲವಣಗಳನ್ನು ಅಳೆಯುವ ಸಾಮಾನ್ಯ ಪ್ರಯೋಗಾಲಯ ಯಂತ್ರವೇ ಸಾಕು. ಎನ್‌ಟಿ-ಪ್ರೊಬಿಎನ್‌ಪಿಗೆ ಪ್ರತ್ಯೇಕ ಪ್ರತಿಕಾಯ ಆಧಾರಿತ ಪರೀಕ್ಷೆ ಬೇಕಾಗುತ್ತದೆ.